ಸೀತಾಳೆ ದಂಡೆ ನಿರ್ಣಯ ಪ್ರಕರಣ

ವೈಶಾಖ ಮುಗಿಯುತ್ತ ಬಂದಂತೆ ಮಲೆನಾಡಿನ ಮರಗಳಿಂದ ಬಿಳಿ-ನೇರಳೆ ಗೊಂಚಲೊಂದು ಇಳಿಬೀಳುತ್ತದೆ. ಕೂಡಲೇ ಬುಡದಲ್ಲಿ ವಿದ್ವತ್ಸಭೆ ನೆರೆಯುತ್ತದೆ. ಇದು ಸೀತಾಳೆ ದಂಡೆ ಹೌದೋ ಅಲ್ಲವೋ ಎಂಬ ಗಹನ ಸಂಶಯವನ್ನು ನ್ಯಾಯಶಾಸ್ತ್ರದ ನಾಲ್ಕೂ ಪ್ರಮಾಣಗಳಿಂದ ಪರಿಹರಿಸುವುದೇ ಈ ಪ್ರಕರಣದ ಪ್ರಯೋಜನ.

ಮೊದಲು ಪ್ರತ್ಯಕ್ಷ. ಹೂವು ಮೂವತ್ತು ಅಡಿ ಮೇಲಿರುವುದರಿಂದ ಜಿಜ್ಞಾಸುವಿಗೆ ಪ್ರತ್ಯಕ್ಷವಾಗುವುದು ಕತ್ತುನೋವು ಮಾತ್ರ.

ಅನುಮಾನ: ಮರದ ಮೇಲಿದೆ, ಆದ್ದರಿಂದ ಬಂದಳಿಕೆ. ಇದು ಪೂರ್ವಪಕ್ಷ. ಖಂಡನೆ ಸುಲಭ. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆಗೆ ಮರ ಬರೀ ಕೂರುವ ಜಾಗ. ಅದರ ದಪ್ಪ ಬೇರುಗಳ ಬೂದು ಹೊದಿಕೆ ಮಳೆ-ಮಂಜಿನ ನೀರನ್ನೇ ಹಿಡಿದಿಟ್ಟುಕೊಳ್ಳುತ್ತದೆ.

ಉಪಮಾನವಾದಿಗಳಾದ ಇಂಗ್ಲಿಷರು ಇದನ್ನು ನರಿಬಾಲದ ಆರ್ಕಿಡ್ ಎಂದರು. ನರಿಯನ್ನೇ ಕಾಣದ ಪಟ್ಟಣದ ಶಿಷ್ಯರಿಗೆ ಈ ಪ್ರಮಾಣ ದಕ್ಕದು.

ಶಬ್ದಪ್ರಮಾಣದಲ್ಲಂತೂ ಆಚಾರ್ಯರಿಗೆ ಏಕವಾಕ್ಯತೆಯಿಲ್ಲ. 17ನೇ ಶತಮಾನದ ‘ಹೋರ್ಟುಸ್ ಮಲಬಾರಿಕಸ್’ ಇದನ್ನು ಅಂಜಿಲಿ ಮರವಾರ ಎಂದಿತು. 1753ರಲ್ಲಿ ಲಿನೇಯಸ್ ಎಪಿಡೆಂಡ್ರಮ್ ರೆಟ್ಯೂಸಮ್ ಎಂದ. 1825ರಲ್ಲಿ ಬ್ಲೂಮ್ ಅದನ್ನು ರಿಂಕೋಸ್ಟೈಲಿಸ್ ಕುಲಕ್ಕೆ ದತ್ತು ಕೊಟ್ಟ. ಅಸ್ಸಾಮಿನವರು ಕೊಪೌ ಫೂಲ್ ಎಂದು ಬಿಹು ಕುಣಿತಕ್ಕೆ ಮುಡಿದು, ರಾಜ್ಯಪುಷ್ಪವನ್ನಾಗಿಯೂ ಮಾಡಿಕೊಂಡರು. ಮಲೆನಾಡಿನ ಅಜ್ಜಿಯ ಸೂತ್ರ ಎಲ್ಲಕ್ಕಿಂತ ಚಿಕ್ಕದು: “ಸೀತಮ್ಮ ವನವಾಸದಾಗೆ ಮುಡಿದಿದ್ದು ಮಾರಾಯ, ಅಷ್ಟೂ ಗೊತ್ತಿಲ್ವಾ?” ಇದಕ್ಕೆ ಭಾಷ್ಯ ಬರೆಯುವ ಧೈರ್ಯ ಯಾರಿಗೂ ಬಂದಿಲ್ಲ.

ಮೊಬೈಲನ್ನು ಐದನೇ ಪ್ರಮಾಣವೆನ್ನುವ ನವ್ಯರಿದ್ದಾರೆ. ಕಾಡಿನಲ್ಲಿ ನೆಟ್‌ವರ್ಕ್ ಸಿಗದ ಕಾರಣ ಅದನ್ನು ಮೀಮಾಂಸಕರ ಅನುಪಲಬ್ಧಿಯಲ್ಲೇ ಸೇರಿಸತಕ್ಕದ್ದು.

ಇನ್ನು ಸಿದ್ಧಾಂತ. ಗೊಂದಲಕ್ಕೆಲ್ಲ ಮೂಲ ಏರಿಡಿಸ್ ಎಂಬ ದಾಯಾದಿ ಕುಲ. ಅದನ್ನೂ ಹಲವರು ಸೀತಾಳೆ ಎಂದೇ ಕರೆಯುತ್ತಾರೆ. ತೋಟದಲ್ಲಿ ಗಾಳಿಮಳೆಗೆ ಕೊಂಬೆ ಮುರಿದು ಬಿದ್ದಾಗ ಒಂದೇ ಒಂದು ಹೂವನ್ನು ಬೆರಳ ತುದಿಯಲ್ಲಿಟ್ಟುಕೊಂಡು ನೋಡಬೇಕು. ಐದು ಎಸಳು ಬಿಳಿ, ಮೇಲೆ ನೇರಳೆ ಚುಕ್ಕಿ. ಆರನೆಯದಾದ ತುಟಿಯೆಸಳು ಗಾಢ ನೇರಳೆ. ಅದರ ಬುಡದಲ್ಲಿ ಎರಡೂ ಪಕ್ಕದಿಂದ ಅದುಮಿದ ಮೊಂಡು ಚೀಲವಿದ್ದರೆ ಸೀತಾಳೆ ದಂಡೆ. ತುಟಿಯ ಅಡಿಯಿಂದ ಮುಂದಕ್ಕೆ ಬಾಗಿದ ಪುಟ್ಟ ಕೊಂಬಿದ್ದರೆ ಏರಿಡಿಸ್. ದಂಡೆಯಲ್ಲಿ ನೂರಕ್ಕೂ ಮಿಕ್ಕಿ ಹೂಗಳಿರಬಹುದು, ನಡುವೆ ಬೆರಳು ತೂರದಷ್ಟು ಒತ್ತಾಗಿ. ಏರಿಡಿಸ್‌ನ ಗೊಂಚಲು ಸಾಮಾನ್ಯವಾಗಿ ಸಡಿಲು. ನಾಲ್ಕು ಪ್ರಮಾಣ ಮಾಡದ ಕೆಲಸವನ್ನು ಕಾಳಿನಷ್ಟಿರುವ ಚೀಲ ಮಾಡಿತು.

ನಿರ್ಣಯವಾದ ಮೇಲೆ ಬಿದ್ದ ಗಿಡವನ್ನು ಕುಂಡದ ಮಣ್ಣಿಗೆ ಹೂಳಬೇಡಿ, ಬೇರು ಕೊಳೆಯುತ್ತದೆ. ಹತ್ತಿರದ ಮಾವಿನ ಮರದ ಒರಟು ತೊಗಟೆಗೆ ಬಾಳೆನಾರಿನಿಂದ ಕಟ್ಟಿಬಿಡಿ.