ಸ್ಟೂಲಿನ ಕಾಲಿಗೊಂದು ಕೈಪಿಡಿ

ಆತ: (ಸ್ಟೂಲ್ ಮೇಲೆ ನಿಂತು, ಕಾವಲು ಕ್ಯಾಮೆರಾ ಸಿಕ್ಕಿಸುತ್ತಾ) ನಾಲ್ಕು ಸ್ಕ್ರೂ, ಒಂದು ವೈರು. ಇದಕ್ಕೆ ನಲವತ್ತು ಪುಟದ ಪುಸ್ತಕ ಬೇರೆ! ಬಿಸಾಕೇ ಅದನ್ನ.

ಆಕೆ: ಅಲ್ಲಾಡ್ತಿದ್ದ ಸ್ಟೂಲಿನ ಕಾಲಿಗೆ ನೀವೇ ಅದನ್ನ ಕೊಟ್ಟಿದ್ದೀರಲ್ಲ!

ಆತ: ಅಂತೂ ಉಪಯೋಗಕ್ಕೆ ಬಂತು ಬಿಡು.

ಆಕೆ: ವೈಫೈ ಸಿಕ್ತಾ?

ಆತ: ಒಂದು ಗಂಟೆಯಿಂದ ಒದ್ದಾಡ್ತಿದ್ದೀನಿ. ಕ್ಯಾಮೆರಾನೇ ಡಬ್ಬಾ.

ಆಕೆ: ರಾತ್ರಿ ನಾನು ಓದಿದೆ ರೀ. ಇದಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಆಗೋದು. ನೀವು ಕೊಡ್ತಿರೋದು 5.

ಆತ: ಐದು ದೊಡ್ಡದಲ್ವೇನೆ?

ಆಕೆ: ಅದಿರ್ಲಿ, ಕ್ಯಾಮೆರಾದ ಪಾಸ್‌ವರ್ಡ್ ಬದಲಾಯಿಸಿದ್ರಾ?

ಆತ: ಯಾಕೆ? ಕಂಪನಿಯವರೇ ‘ಅಡ್ಮಿನ್’ ಅಂತ ಪುಕ್ಕಟೆ ಕೊಟ್ಟಿದ್ದಾರಲ್ಲ.

ಆಕೆ: ಊರಿಗೆಲ್ಲ ಅದನ್ನೇ ಕೊಟ್ಟಿರ್ತಾರೆ. 2016ರಲ್ಲಿ ‘ಮಿರಾಯ್’ ಅನ್ನೋ ಕುತಂತ್ರಾಂಶ ಇಂಥ ಸುಮಾರು 60 ಪಾಸ್‌ವರ್ಡ್‌ಗಳ ಪಟ್ಟಿ ಹಿಡ್ಕೊಂಡೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿತ್ತು. ಅಕ್ಟೋಬರ್ 21ಕ್ಕೆ ಅಂಥವು ಒಟ್ಟಾಗಿ ವೆಬ್‌ಸೈಟ್‌ಗಳ ವಿಳಾಸ ಹುಡುಕಿಕೊಡ್ತಿದ್ದ ಅಮೆರಿಕದ ಡೈನ್ ಕಂಪನಿ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಏದುಸಿರು ಬಿಟ್ವು.

ಆತ: ಅಂದ್ರೆ ನಮ್ಮ ಕಾವಲುಗಾರನೇ ಕಳ್ಳರ ಗುಂಪಿಗೆ ಸೇರ್ತಾನಾ?

ಆಕೆ: ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ.

ಆತ: ಸರಿ, ಕೊಡು ಆ ಪುಸ್ತಕ.

ಆಕೆ: ಮೊದಲು ಇಳೀರಿ. ಈಗ ಎಳೆದ್ರೆ ಬೀಳ್ತೀರಿ.

ಆತ: ಬಿದ್ರೆ ರೆಕಾರ್ಡ್ ಆದ್ರೂ ಆಗತ್ತೆ!

ಆಕೆ: ಎಲ್ಲಿ ಆಗತ್ತೆ? ಮೆಮೊರಿ ಕಾರ್ಡ್ ಹಾಕೋದು ಹನ್ನೆರಡನೇ ಪುಟದಲ್ಲಿದೆ!