ಅಂಚೆಟ್ಟಿ ಸೀಮೆಯಲ್ಲಿ ಸ್ವಾಯತ್ತ ಸಂದೇಶ-ಸರ್ವರಿನ ತಾತ್ವಿಕ ನೆಲೆಗಳು: ಒಂದು ಪೂರ್ವಭಾವಿ ಅನುಸಂಧಾನ

ಪ್ರಸ್ತುತ ಪ್ರಬಂಧದ ವ್ಯಾಪ್ತಿಯು ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿಯಿಂದ ಹೊಸೂರಿನವರೆಗೆ, ಅಂದರೆ ಕಾಡಾನೆಗಳಿಂದ ಸಿಪ್ಕಾಟ್ ಕಾರ್ಖಾನೆಗಳವರೆಗೆ ಚಾಚಿಕೊಂಡಿದೆ. ಅಪ್ಪ ರಾಗಿ ಹೊಲದಲ್ಲಿ, ಮಗ ಹೊಸೂರಿನಲ್ಲಿ, ಮಗಳು ಬೆಂಗಳೂರಿನಲ್ಲಿ ಇರುವ ಇಲ್ಲಿನ ಕನ್ನಡ ಮನೆಗಳಲ್ಲಿ 'ಊಟ ಆಯ್ತಾ?' ಎಂಬ ಪಠ್ಯವು ದಿನವೂ ಅಮೆರಿಕದ ಕಂಪನಿಯೊಂದರ ಯಂತ್ರಗಳನ್ನು ಹಾದೇ ಬರಬೇಕು. ವಿದ್ವಾಂಸರು ಇದನ್ನು 'ವಸಾಹತೋತ್ತರ ದತ್ತಾಂಶ-ಪರಾಧೀನತೆ' ಎನ್ನುತ್ತಾರೆ. ಪರಿಹಾರವನ್ನೂ ವಿಚಾರ ಸಂಕಿರಣದಲ್ಲಿ, ಊಟದ ವಿರಾಮಕ್ಕೆ ಮುಂಚೆ, ಅವರೇ ದಯಪಾಲಿಸಿದ್ದಾರೆ: "ನಿಮ್ಮದೇ ಸರ್ವರ್ ನಡೆಸಿ."

ಸರ್ವರುಗಳು ತ್ರಿವಿಧ: ಸ್ವಗೃಹಸ್ಥ, ಪರಗೃಹಸ್ಥ ಮತ್ತು ಉಭಯಭ್ರಷ್ಟ.

ಸ್ವಗೃಹಸ್ಥಕ್ಕೆ ಬೇಕಾದ ಸಲಕರಣೆ ನಿಜಕ್ಕೂ ಕಡಿಮೆ. 1999ರಲ್ಲಿ ಜ್ಯಾಬರ್ ಎಂದು ಹುಟ್ಟಿ ಈಗ ಎಕ್ಸ್ಎಂಪಿಪಿ ಎನಿಸಿಕೊಂಡಿರುವ ಸಂದೇಶ ಪದ್ಧತಿಗೆ ಪ್ರೊಸೊಡಿ ಎಂಬ ಪುಕ್ಕಟೆ ತಂತ್ರಾಂಶವಿದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರಿನ ಮೇಲೆ ಅದು ಒಂದು ಕುಟುಂಬವನ್ನು ಸಲೀಸಾಗಿ ಸಾಕುತ್ತದೆ. ವಾಟ್ಸಾಪ್ ಕೂಡ ಇದೇ ಕುಲದ ಎಜ್ಯಾಬರ್‌ಡಿ ಎಂಬ ಸರ್ವರ್ ತಂತ್ರಾಂಶದ ಮೇಲೆಯೇ ಅಂಬೆಗಾಲಿಟ್ಟಿದ್ದು. ಸಿಗ್ನಲ್ ಎಂಬ ಆ್ಯಪಿನ ಸರ್ವರ್ ಕೋಡ್ ಕೂಡ ಬಹಿರಂಗವಾಗಿದೆ, ಆದರೆ ಅದನ್ನು ಮನೆಯಲ್ಲಿ ನಿಲ್ಲಿಸಿಕೊಂಡವರು ಸಿಗ್ನಲ್ ಬಳಸುವ ನೆಂಟರ ಜೊತೆ ಮಾತಾಡುವಂತಿಲ್ಲ. ಇನ್ನು, ಕರೆಂಟು ಥಟ್ಟನೆ ಹೋದರೆ ಪೈ ಒಳಗಿನ ಮೆಮೊರಿ ಕಾರ್ಡು ಕೆಡಬಹುದು. ಸಂಕಿರಣದ ಭಾಷೆಯಲ್ಲಿ ಇದು 'ವಿದ್ಯುನ್ಮೂಲ ಸ್ಮೃತಿಭ್ರಂಶ'.

ಇಷ್ಟೆಲ್ಲ ಆಗಿ ಹಸಿರು ದೀಪ ಮಿಣುಕುತ್ತದೆ. ಹೊರಗಿನ ಫೋನುಗಳು ಒಳಬರಲು ಎಕ್ಸ್ಎಂಪಿಪಿಯ 5222ನೇ ಪೋರ್ಟ್ ತೆರೆಯೋಣವೆಂದು ರೂಟರಿನ ಪುಟ ನೋಡಿದರೆ ಅಲ್ಲಿ ವಿಳಾಸ ಶುರುವಾಗುವುದೇ 100.64ರಿಂದ. ಅಲ್ಲಿಗೆ ಸಂಶೋಧನೆ ಮುಗಿಯಿತು. ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಏಷ್ಯಾ-ಪೆಸಿಫಿಕ್ ಪಾಲಿನ ದಾಸ್ತಾನು 2011ರ ಏಪ್ರಿಲ್‌ನಲ್ಲೇ ತಳ ಕಂಡಿತು. ಮರುವರ್ಷ, ಗಿರಾಕಿಗಳನ್ನು ಗುಂಪುಗುಂಪಾಗಿ ಒಂದೇ ವಿಳಾಸದ ಹಿಂದೆ ಕೂರಿಸಲೆಂದು 100.64ರಿಂದ 100.127ರವರೆಗಿನ ಅಂಕಿಗಳನ್ನು ಮೀಸಲಿಟ್ಟರು. ಒಂದೇ ಹೆಬ್ಬಾಗಿಲಿನ ವಠಾರವಿದು: ಒಳಗಿನವರು ಹೊರಗೆ ಹೋಗಬಹುದು, ಹುಡುಕಿಕೊಂಡು ಬಂದವರಿಗೆ ಮನೆ ಸಿಗುವುದಿಲ್ಲ. ಸ್ವಂತ ವಿಳಾಸ ಬೇಕೆಂದರೆ ಬೇರೆ ದುಡ್ಡು. ಐಪಿವಿ6ರಲ್ಲಿ ವಿಳಾಸಕ್ಕೆ ಬರವಿಲ್ಲ ನಿಜ, ಆದರೆ ಎಷ್ಟೋ ಕಡೆ ಹೊರಗಿನಿಂದ ಬಂದ ಕರೆಯನ್ನು ರೂಟರೇ ಹಿಂದಕ್ಕಟ್ಟುತ್ತದೆ.

ಪರಗೃಹಸ್ಥವೆಂದರೆ ಮುಂಬೈಯಲ್ಲೋ ಬೆಂಗಳೂರಿನಲ್ಲೋ ತಿಂಗಳ ಬಾಡಿಗೆಗೆ ಹಿಡಿದ ಸರ್ವರ್. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದ ಪ್ರಕಾರ ಬಾಡಿಗೆಗೆ ಕೊಟ್ಟವರು ಗಿರಾಕಿಯ ಹೆಸರು, ವಿಳಾಸ, ಫೋನ್ ನಂಬರು, ಯಾತಕ್ಕಾಗಿ ಹಿಡಿದಿದ್ದು ಎಂಬ ಕಾರಣ, ಎಲ್ಲವನ್ನೂ 5 ವರ್ಷ ಕಾಪಿಡಬೇಕು. ಖಾಸಗಿತನದ ಮೊದಲ ಹೆಜ್ಜೆ ಹೀಗೆ ಅರ್ಜಿ ತುಂಬುವುದರಿಂದ ಆರಂಭವಾಗುತ್ತದೆ.

ಮೂರನೆಯ ವಿಧವನ್ನು ಈಗ ನಿರೂಪಿಸಬೇಕಿತ್ತು. ಬೇಡ, ಸಾಕು.

ಏಕೆಂದರೆ 2023ರ ಮೇ ತಿಂಗಳಲ್ಲಿ ನಡೆದದ್ದನ್ನು ಯಾವ ವರ್ಗೀಕರಣದಲ್ಲಿ ತುರುಕುವುದು? ಜಮ್ಮು-ಕಾಶ್ಮೀರದ ಉಗ್ರರು ಬಳಸುತ್ತಾರೆಂದು ಕೇಂದ್ರ ಸರ್ಕಾರ 14 ಆ್ಯಪ್‌ಗಳನ್ನು ತಡೆಯಿತು. ಅದರಲ್ಲಿ ಎಲಿಮೆಂಟ್ ಇತ್ತು, ಬ್ರಯರ್ ಇತ್ತು. ಎಲಿಮೆಂಟ್ ಎನ್ನುವುದು ಮ್ಯಾಟ್ರಿಕ್ಸ್ ಎಂಬ ಸಂದೇಶ ಪದ್ಧತಿಯಲ್ಲಿ ಯಾರ ಸರ್ವರನ್ನಾದರೂ ಸೇರಿಕೊಳ್ಳುವ ಕಿಟಕಿ ಮಾತ್ರ. ಅದೇ ಮ್ಯಾಟ್ರಿಕ್ಸ್ ಮೇಲೆ ಫ್ರಾನ್ಸ್ ಸರ್ಕಾರ 2019ರಲ್ಲಿ ತನ್ನ ನೌಕರರಿಗೆ ಚಾಪ್ ಎಂಬ ಆ್ಯಪ್ ಕಟ್ಟಿಕೊಟ್ಟಿತು, ಜರ್ಮನಿಯ ಸೇನೆ ತನ್ನದನ್ನು ಕಟ್ಟಿಕೊಂಡಿತು. ಬ್ರಯರ್ ಅಂತೂ ಇಂಟರ್ನೆಟ್ಟೇ ಇಲ್ಲದಿದ್ದರೂ ಬ್ಲೂಟೂತಿನಲ್ಲಿ ಒಂದು ಫೋನಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಟವರ್ ಕೈಕೊಡುವ ಗುಡ್ಡಗಾಡಿಗೆ ಅದಕ್ಕಿಂತ ಒಳ್ಳೆಯದು ಇನ್ನೇನಿದೆ? ಈ ತಡೆಯ ವಿರುದ್ಧ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಕೇರಳ ಹೈಕೋರ್ಟಿಗೆ ಹೋಗಬೇಕಾಯಿತು. 'ಡಿಜಿಟಲ್ ಸಾರ್ವಭೌಮತ್ವ' ಎಂದು ವೇದಿಕೆ ಅಲ್ಲಾಡುವಂತೆ ಭಾಷಣ ಬಿಗಿದವರಲ್ಲಿ ಎಷ್ಟು ಜನ ಆಗ ಬಾಯಿಬಿಟ್ಟರು? ಸಾರ್ವಭೌಮತ್ವವಂತೆ! ತನ್ನ ಮಗಳು ಬರೆದದ್ದು ತನ್ನ ಮನೆಗೇ ನೇರ ಬಂದು ಸೇರುವಂಥ ಒಂದು ವಿಳಾಸ ಅಂಚೆಟ್ಟಿಯ ರೈತನಿಗಿಲ್ಲ. ಅವನಿಗೆ ಪ್ರಬಂಧ ಬೇಕಿಲ್ಲ.

ಆದ್ದರಿಂದ ಅನುಬಂಧವನ್ನು ಕೈಬಿಟ್ಟು ಓದುಗರಲ್ಲಿ ಒಂದು ಕೋರಿಕೆ. ಹೊಸ ಫೈಬರ್ ಹಾಕಿಸುವಾಗ ಸ್ಪೀಡ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಪಬ್ಲಿಕ್ ಐಪಿ ಕೊಡುತ್ತೀರಾ, ಐಪಿವಿ6ರಲ್ಲಿ ಹೊರಗಿನ ಕರೆ ಒಳಗೆ ಬಿಡುತ್ತೀರಾ ಎಂದೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.