ಡಿ ರಾಯರ ಒಂಬತ್ತನೆಯ ಪೊಟ್ಟಣ

ಪಾರ್ಕಿನ ಕಲ್ಲುಬೆಂಚಿನಲ್ಲಿ ಹೊಸಬರು ಪಕ್ಕ ಕೂತರೆ ಮೊದಲೆಲ್ಲ ‘ಯಾವ ಕಡೆಯವರು? ಮಕ್ಕಳು ಎಲ್ಲಿದ್ದಾರೆ?’ ಎಂದು ಮಾತು ಶುರುವಾಗುತ್ತಿತ್ತು. ಈಗ ‘ನಿಮ್ಮ ಡಿ ಎಷ್ಟು?’ ಎಂದು ಶುರುವಾಗುತ್ತದೆ. ಕೇಳುವವರು ಡಿ ರಾಯರು. ಜಯನಗರದಿಂದ ಮೈಸೂರಿನ ಕುವೆಂಪುನಗರದವರೆಗೆ ಬೀದಿಗೊಬ್ಬರಂತೆ ಸಿಗುವ ಸಂತತಿ ಇದು. ಡಿ ಮೇಡಮ್ಮುಗಳಿಗೂ ಬರವಿಲ್ಲ. ರಾಯರ ಮೊಬೈಲಿನಲ್ಲಿ ಮೊಮ್ಮಗಳ ಫೋಟೋಕ್ಕಿಂತ ಮೊದಲು ಲ್ಯಾಬ್ ರಿಪೋರ್ಟಿನ ಫೋಟೋ ಸಿಗುತ್ತದೆ. ಅದರಲ್ಲಿ ಕೊಲೆಸ್ಟರಾಲಿನ ಸಾಲನ್ನು ಎಡಗೈ ಹೆಬ್ಬೆರಳಿನಿಂದ ಜೋಪಾನವಾಗಿ ಮುಚ್ಚಿ, ವಿಟಮಿನ್ ಡಿ ಸಾಲಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ‘11.4’ ಅನ್ನು ಬಲಗೈಯ ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸುತ್ತಾರೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಬಂದದ್ದೆಷ್ಟು ಎಂಬುದನ್ನು ಹೆಂಡತಿಗೂ ಹೇಳದವರು ಈ ಅಂಕವನ್ನು ಗುರುತಿಲ್ಲದವರಿಗೂ ಹೇಳುತ್ತಾರೆ. ಆಮೇಲೆ ಬೆರಳು ಸರಿಸಿದರೆ ಮುಂದಿನ ಫೋಟೋ: ‘68’. ನಡುವಿನ ಕಥೆಯೆಲ್ಲ ಪೊಟ್ಟಣದ್ದು, ಒಂದೊಂದರಲ್ಲಿ 60,000 ಯೂನಿಟ್, ಭಾನುವಾರ ಊಟವಾದ ಮೇಲೆ ಹಾಲಿನ ಲೋಟಕ್ಕೆ ಸುರಿದು ಕದಡಿ ಕುಡಿಯುವಂಥದ್ದು.

ರಾಯರನ್ನು ನೋಡಿ ನಗುವ ಮುನ್ನ ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡಬೇಕು. ಕೊರತೆ ಎಂಬುದು ಲ್ಯಾಬಿನವರು ಕಟ್ಟಿದ ಕಥೆಯಲ್ಲ. ‘ಬಿಸಿಲಿನ ದೇಶದಲ್ಲಿ ಬಿಸಿಲಿನ ಮಾತ್ರೆಯೇ? ನಮ್ಮಜ್ಜ ಯಾವ ಪೊಟ್ಟಣ ಕುಡಿದಿದ್ದ?’ ಎಂದು ಕೇಳುವವರಿದ್ದಾರೆ. ಅಜ್ಜ ಬೆಳಗಿನ ಹತ್ತೂವರೆಗೆ ಬರಿಮೈಯಲ್ಲಿ ಗದ್ದೆಯ ಬದುವಿನ ಮೇಲಿದ್ದ. ಮೊಮ್ಮಗ ಅದೇ ಹತ್ತೂವರೆಗೆ ಗಾಜಿನ ಕಟ್ಟಡದೊಳಗೆ ಕಿಟಕಿ ಪಕ್ಕ ಕೂತು, ಬಿಸಿಲು ಬೀಳುತ್ತಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡಿರುತ್ತಾನೆ. ಚರ್ಮದಲ್ಲಿ ಡಿ ಹುಟ್ಟಿಸುವುದು ಬಿಸಿಲಿನಲ್ಲಿರುವ ನೇರಳಾತೀತ ಬಿ ಕಿರಣ. ಅದು ಕಿಟಕಿಯ ಗಾಜನ್ನು ದಾಟಿ ಬರುವುದಿಲ್ಲ, ಸೆಕೆ ಮಾತ್ರ ದಾಟಿ ಬರುತ್ತದೆ. ರಾಯರ ವಾಕಿಂಗ್ ಕೂಡ ಇದೇ ಜಾತಿಯದು. ಬೆಳಗಿನ ಆರಕ್ಕೆ ಲಾಲ್‌ಬಾಗಿನ ಗೇಟು, ಮೈಗೆ ತುಂಬುತೋಳಿನ ಜರ್ಕಿನ್, ತಲೆಗೆ ಮಂಗನಟೋಪಿ. ಎಳೆಬಿಸಿಲು ಮೈಗೆ ಒಳ್ಳೆಯದೆಂದು ನಂಬಿ ಬಂದವರು ಅವರು. ಆದರೆ ಸೂರ್ಯ ಕೆಳಗಿರುವಾಗ ಕಿರಣಗಳು ಓರೆಯಾಗಿ ಗಾಳಿಯ ದಪ್ಪ ಪದರ ಹಾದು ಬರಬೇಕು; ದಾರಿಯಲ್ಲೇ ಓಝೋನು ಆ ಬಿ ಕಿರಣವನ್ನು ಬಹುಪಾಲು ನುಂಗಿಬಿಡುತ್ತದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಇಲ್ಲಿ ವರ್ಷವಿಡೀ ಕೆಲಸದ ಬಿಸಿಲು ಸಿಗುತ್ತದೆ. ಅದು ನಮ್ಮ ನೆರಳು ನಮಗಿಂತ ಗಿಡ್ಡವಾದ ಹೊತ್ತಿನ ಬಿಸಿಲು. ಆ ಹೊತ್ತಿಗೆ ರಾಯರು ಮಸಾಲೆದೋಸೆ ಮುಗಿಸಿ ಮನೆ ಸೇರಿರುತ್ತಾರೆ. ಕಪ್ಪು, ಎಣ್ಣೆಗೆಂಪು ಚರ್ಮಕ್ಕೆ ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತೂ ಬೇಕು. ಇನ್ನು ಊಟದಿಂದ ತುಂಬಿಸೋಣವೆಂದರೆ ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಯೂನಿಟ್. ಪ್ಲಸ್ ಎಫ್ ಗುರುತಿನ ಹಾಲಿಗೆ ಲೀಟರಿಗೆ 200ರಿಂದ 300 ಯೂನಿಟ್ ಸೇರಿಸಿರುತ್ತಾರೆ. ದಿನಕ್ಕೆ ಬೇಕಾದ 600 ಯೂನಿಟ್ ಕೂಡಿಸಲು ಹದಿನೈದು ಮೊಟ್ಟೆಯೋ ಎರಡು ಮೂರು ಲೀಟರು ಹಾಲೋ ಬೇಕು. ಕರಾವಳಿಯವರು ಬೂತಾಯಿ, ಬಂಗುಡೆ ತಿಂದು ಸ್ವಲ್ಪ ಮುಂದಿದ್ದಾರೆ. ತಿಳಿಸಾರು-ಮಜ್ಜಿಗೆಯ ರಾಯರಿಗೆ ಆ ದಾರಿಯೂ ಇಲ್ಲ. ಆದ್ದರಿಂದ ಮಾತ್ರೆ ಬೇಕೆಂಬ ಮಾತಿನಲ್ಲಿ ತಪ್ಪಿಲ್ಲ.

ತಪ್ಪಿರುವುದು ಎಷ್ಟು ಎಂಬಲ್ಲಿ. ವಯಸ್ಕರಿಗೆ ದಿನಕ್ಕೆ 600 ಯೂನಿಟ್, ಮುಪ್ಪಿನಲ್ಲಿ 800 ಎಂಬುದು ಚಾಲ್ತಿಯಲ್ಲಿರುವ ಶಿಫಾರಸು. 600 ಯೂನಿಟ್ಟೆಂದರೆ 15 ಮೈಕ್ರೋಗ್ರಾಂ, ಬೆರಳತುದಿಗೆ ಅಂಟಿದರೂ ಕಾಣದಷ್ಟು. ಹಾಗಾದರೆ ರಾಯರ ಒಂದು ಪೊಟ್ಟಣದಲ್ಲಿ ನೂರು ದಿನದ ಪಾಲಿದೆ. ಖಾಲಿಯಾದ ಕಣಜಕ್ಕೆ ಒಮ್ಮೆ ತುಂಬಿಸಲೆಂದು ವೈದ್ಯರು ವಾರಕ್ಕೊಂದರಂತೆ ಎಂಟು ವಾರ ಬರೆದುಕೊಡುವುದು ವಾಡಿಕೆ. ಅದು ಸರಿಯಾದ ಚಿಕಿತ್ಸೆ. ರಾಯರಿಗೆ ‘ಎಂಟು’ ಕೇಳಿಸುವುದಿಲ್ಲ, ‘ವಾರಕ್ಕೊಂದು’ ಮಾತ್ರ ಕೇಳಿಸುತ್ತದೆ. ಹಳೆಯ ಚೀಟಿ ತೋರಿಸಿದರೆ ಮೆಡಿಕಲ್ ಶಾಪಿನ ಹುಡುಗ ತಾರೀಖು ನೋಡುವುದಿಲ್ಲ. ಒಂಬತ್ತನೆಯದು, ಹತ್ತನೆಯದು, ದೀಪಾವಳಿಗೆ ಇಪ್ಪತ್ತನೆಯದು. ವರ್ಷ ತುಂಬಿಸಿದರೆ 52 ಪೊಟ್ಟಣ, 31 ಲಕ್ಷ 20 ಸಾವಿರ ಯೂನಿಟ್; ದಿನಕ್ಕೆ ಹಂಚಿದರೆ ಎಂಟೂವರೆ ಸಾವಿರ ದಾಟುತ್ತದೆ. ವೈದ್ಯರ ಕಣ್ಗಾವಲಿಲ್ಲದೆ ದಿನಕ್ಕೆ 4,000 ದಾಟಬಾರದೆಂಬ ಗೆರೆಯನ್ನು ಎರಡು ಸಲ ದಾಟಿದಂತಾಯಿತು. ಬ್ಯಾಂಕಿನಲ್ಲಿ ನಲವತ್ತು ವರ್ಷ ದುಡಿದ ರಾಯರಿಗೆ ಬ್ಯಾಲೆನ್ಸ್ ಹೆಚ್ಚಿದಷ್ಟೂ ಕ್ಷೇಮವೆಂಬ ನಂಬಿಕೆ. ಆದರೆ ಡಿ ಮೈಯೊಳಗೆ ನಡೆದುಕೊಳ್ಳುವುದು ಸಾರಿನ ಉಪ್ಪಿನ ಹಾಗೆ. ಇಲ್ಲದಿದ್ದರೆ ಸಾರೇ ಅಲ್ಲ, ಹದಕ್ಕೆ ಬಿದ್ದರೆ ರುಚಿ, ಆಮೇಲೆ ಹಾಕುವ ಒಂದೊಂದು ಚಮಚವೂ ಸಾರನ್ನು ಕೆಡಿಸುವುದಕ್ಕೇ.

ಇದಕ್ಕೆ ಪುರಾವೆಯಿದೆ. ಅಮೆರಿಕದಲ್ಲಿ ವೈಟಲ್ ಎಂಬ ಹೆಸರಿನ ಪ್ರಯೋಗ ನಡೆಯಿತು. 25,871 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ದಿನಕ್ಕೆ 2,000 ಯೂನಿಟ್, ಉಳಿದವರಿಗೆ ಹುಸಿಮಾತ್ರೆ, ಐದು ವರ್ಷಕ್ಕೂ ಮಿಕ್ಕಿ. ಕ್ಯಾನ್ಸರೂ ಹೃದಯಾಘಾತವೂ ಕಡಿಮೆಯಾಗಲಿಲ್ಲವೆಂದು 2018ರಲ್ಲಿ, ಮೂಳೆ ಮುರಿತವೂ ಕಡಿಮೆಯಾಗಲಿಲ್ಲವೆಂದು 2022ರಲ್ಲಿ ಫಲಿತಾಂಶ ಬಂತು. ‘ಅವರಿಗೆಲ್ಲ ಮೊದಲೇ ಸಾಕಷ್ಟಿತ್ತು, ಇನ್ನೇನು ಪ್ರಯೋಜನವಾದೀತು?’ ಎಂದು ರಾಯರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ, ಆದರೆ ಅದು ರಾಯರ ಮೇಲೇ ತಿರುಗುತ್ತದೆ: ಎಂಟು ವಾರ ಮುಗಿಸಿದ ಮೇಲೆ ಅವರೂ ‘ಮೊದಲೇ ಸಾಕಷ್ಟಿದ್ದವರ’ ಪಂಕ್ತಿಯಲ್ಲೇ ಕೂತಿದ್ದಾರಲ್ಲ. ಇನ್ನೊಂದು ಪ್ರಯೋಗ ಆಸ್ಟ್ರೇಲಿಯಾದ್ದು. ಎಪ್ಪತ್ತು ದಾಟಿದ 2,256 ಹೆಂಗಸರಲ್ಲಿ ಅರ್ಧ ಜನಕ್ಕೆ ವರ್ಷಕ್ಕೊಮ್ಮೆ ಒಂದೇ ಏಟಿಗೆ ಐದು ಲಕ್ಷ ಯೂನಿಟ್ ಕೊಟ್ಟರು. ಬೀಳುವುದು ಕಡಿಮೆಯಾದೀತೆಂಬ ಆಸೆಯಿತ್ತು. ಹುಸಿಮದ್ದು ತಿಂದವರಿಗಿಂತ ಅವರೇ ಹೆಚ್ಚು ಬಿದ್ದರು, ಹೆಚ್ಚು ಮೂಳೆ ಮುರಿದುಕೊಂಡರು. 2010ರಲ್ಲಿ ಪ್ರಕಟವಾದ ಈ ಸಂಗತಿ ವಾಟ್ಸಾಪ್ ಗುಂಪುಗಳಿಗೆ ಇನ್ನೂ ಬಂದು ತಲುಪಿಲ್ಲ. ‘ಲ್ಯಾಬಿನವರೇ 30ಕ್ಕಿಂತ ಕೆಳಗಿದ್ದರೆ ಕಮ್ಮಿ ಎಂದು ಅಚ್ಚು ಹಾಕಿದ್ದಾರಲ್ಲ’ ಎಂಬುದು ರಾಯರ ಕೊನೆಯ ಬಾಣ. ಬಹುಪಾಲು ಜನರ ಮೂಳೆಗೆ 20 ಸಾಕೆಂದು ಅಮೆರಿಕದ ತಜ್ಞರ ಸಮಿತಿ 2010ರಲ್ಲೇ ಹೇಳಿತ್ತು. 30ರ ಗೆರೆ ಎಳೆದ, ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯೇ 2024ರಲ್ಲಿ ಆ ಗೆರೆ ಕೈಬಿಟ್ಟು, ಆರೋಗ್ಯವಂತರು ಸುಮ್ಮಸುಮ್ಮನೆ ಈ ಪರೀಕ್ಷೆ ಮಾಡಿಸಬೇಕಿಲ್ಲ ಎಂದಿತು. ಗೆರೆ ಎಳೆದವರೇ ಅಳಿಸಿದರೂ ರಾಯರು ಅದನ್ನು ಲಕ್ಷ್ಮಣರೇಖೆಯೆಂದೇ ಕಾಯುತ್ತಿದ್ದಾರೆ.

ಇಷ್ಟಕ್ಕೂ 1922ರಲ್ಲಿ ವಿಜ್ಞಾನಿ ಮೆಕಾಲಮ್ ಈ ವಿಟಮಿನ್ನಿಗೆ ಹೆಸರಿಡುವ ಹೊತ್ತಿಗೆ ಎ, ಬಿ, ಸಿ ಮೂರೂ ಖರ್ಚಾಗಿದ್ದರಿಂದ ಡಿ ಎಂಬ ಅಕ್ಷರ ಬಂತು. ವಿಟಮಿನ್ನಿನ ಸಾಲಿಗೆ ಸೇರಿತಾದರೂ ಇದು ಮೈ ತಾನೇ ಮಾಡಿಕೊಳ್ಳಬಲ್ಲ ಪದಾರ್ಥ, ಅದಕ್ಕೊಂದು ಕಡಿವಾಣವನ್ನೂ ಮೈಯೇ ಇಟ್ಟುಕೊಂಡಿದೆ. ಬಿಸಿಲಲ್ಲಿ ಎಷ್ಟು ಹೊತ್ತು ನಿಂತರೂ ಒಂದು ಹದ ದಾಟಿದ ಮೇಲೆ ಚರ್ಮ ಹೆಚ್ಚಿನದನ್ನು ಕೆಲಸಕ್ಕೆ ಬಾರದ ರೂಪಕ್ಕೆ ತಿರುಗಿಸಿಬಿಡುತ್ತದೆ. ಬಿಸಿಲಿನಿಂದ ಚರ್ಮ ಸುಟ್ಟೀತು, ಡಿ ವಿಷವಾಗದು. ಪೊಟ್ಟಣ ಈ ಬಾಗಿಲು ತಪ್ಪಿಸಿ ಹಿತ್ತಲಿನಿಂದ ಒಳಗೆ ಬರುತ್ತದೆ. ಕೊಬ್ಬಿನಲ್ಲಿ ಕರಗುವುದರಿಂದ ಮೂತ್ರದಲ್ಲಿ ಸುಲಭವಾಗಿ ಹೊರಗೆ ಹೋಗದೆ ಒಳಗೇ ಬಿಡಾರ ಹೂಡುತ್ತದೆ. ಮಿತಿಮೀರಿ ತಿಂಗಳುಗಟ್ಟಲೆ ನಡೆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಬಾಯಾರಿಕೆ, ಮಲಬದ್ಧತೆ, ಕಿಡ್ನಿಯಲ್ಲಿ ಕಲ್ಲು. ಆಗ ಸುಸ್ತೂ ಆಗುತ್ತದೆ. ಸುಸ್ತಾಯಿತಲ್ಲ ಎಂದು ರಾಯರು ಇನ್ನೊಂದು ಪೊಟ್ಟಣ ಹರಿಯುತ್ತಾರೆ. ಅಂದಹಾಗೆ, ಮಡಿಯುಟ್ಟು ಹಾಲಿಗೆ ಕದಡುವ ಆ ಪುಡಿಯ ಮೂಲ ಸಾಮಾನ್ಯವಾಗಿ ಕುರಿಯ ತುಪ್ಪಟದ ಜಿಡ್ಡು; ಅದನ್ನು ಶುದ್ಧಮಾಡಿ ಕಾರ್ಖಾನೆಯಲ್ಲಿ ನೇರಳಾತೀತ ದೀಪ ಹಿಡಿಯುತ್ತಾರೆ. ಲಾಲ್‌ಬಾಗಿನ ಮೇಲಿರುವ ಸೂರ್ಯನಿಗೆ ಕೆಲಸ ಕೊಡದೆ ಕುರಿಯ ಮೇಲೆ ಇಷ್ಟು ಭಾರ ಹೊರಿಸಿದ್ದೇವೆ.

ಮೂಳೆ ಸವೆದವರು, ಕಿಡ್ನಿ ಕೆಟ್ಟವರು, ಕರುಳು ಕೊಬ್ಬನ್ನು ಹೀರದವರು ಪರೀಕ್ಷೆ ಮಾಡಿಸಲಿ, ವೈದ್ಯರು ಹೇಳಿದಷ್ಟು ನುಂಗಲಿ. ಎದೆಹಾಲಿನ ಕೂಸಿಗೆ ದಿನಕ್ಕೆ 400 ಯೂನಿಟ್ಟಿನ ಹನಿ ಬೇಕೇಬೇಕು. 75 ದಾಟಿದವರು ಪರೀಕ್ಷೆಯ ಗೊಡವೆಯಿಲ್ಲದೆಯೇ ದಿನದ ಸಣ್ಣ ಮಾತ್ರೆ ತೆಗೆದುಕೊಳ್ಳಬಹುದು. ಆ ಸಣ್ಣ ಮಾತ್ರೆಯ ದುರದೃಷ್ಟವೆಂದರೆ ಅದರಲ್ಲಿ ಕಥೆಯಿಲ್ಲ. ಊಟದ ಜೊತೆ ನುಂಗಿದರೆ ಮುಗಿಯಿತು, ಬೆಂಚಿನಲ್ಲಿ ಹೇಳಿಕೊಳ್ಳಲು 11 ಇಲ್ಲ, 68 ಇಲ್ಲ. ರಾಯರೇ, ನಿಮ್ಮ ಚೀಟಿ ಒಮ್ಮೆ ತೆಗೆದು ನೋಡಿ. ಎಂಟು ವಾರ ಎಂದು ಬರೆದಿದ್ದರೆ ಒಂಬತ್ತನೆಯ ಪೊಟ್ಟಣ ಅಂಗಡಿಯಲ್ಲೇ ಇರಲಿ.